ತಲೆ ಮೇಲೆ ಬಂದು ಮುದುಡಿ ಬೀಳುವ ಪವರ್ ಕೈಟ್: ಬಗ್ಗಿಗೆ ಯಾವ ಪಟ ತಗೊಳ್ಳಲಿ?

ಹುಲಿಗಿ_ಗಾಳಿ

ಎಲ್ಲರಿಗೂ ನಮಸ್ಕಾರ. ನಾನು ಮುನಿರಾಬಾದ್ ಕಡೆಯವನು, ತೂಕ 74 ಕೆಜಿ. ಚಿಕ್ಕಂದಿನಿಂದ ಕಾರ ಹುಣ್ಣಿಮೆ ಬಂತೆಂದರೆ ಪಟ ಹಿಡಿದು ಬಯಲಿಗೆ ಓಡಿದವನು. ಗಾಡಿ ಸಮೇತ ಮನುಷ್ಯನನ್ನು ಎಳೆಯುವ ಪವರ್ ಕೈಟ್ ಅಂದರೆ ಅದೇ ಪಟ, ಸ್ವಲ್ಪ ದೊಡ್ಡದು, ಅಷ್ಟೇ ಅಲ್ವಾ ಅಂದುಕೊಂಡು ಕೈ ಹಾಕಿದೆ. ಈಗ ಮೊಣಕಾಲು ಎರಡೂ ಕಿತ್ತುಹೋಗಿವೆ.

ವಿಷಯ ಏನೆಂದರೆ, ಹೋದ ವರ್ಷ ಒಬ್ಬರ ಹತ್ತಿರ ಹಳೆಯ ಪಟ ಕೊಂಡೆ. ನಾಲ್ಕು ದಾರ, 5.5 ಚದರ ಮೀಟರ್, ನೋಡಲು ಉದ್ದಕ್ಕೆ ತೆಳ್ಳಗೆ ಇದೆ. ರೇಸಿನದು, ಸಕತ್ ಓಡುತ್ತದೆ ಅಂತ ಹೇಳಿ ಕೊಟ್ಟರು. ಬಗ್ಗಿಯನ್ನು, ಅಂದರೆ ಪಟ ಎಳೆಯುವ ಗಾಡಿಯನ್ನು, ಗಂಗಾವತಿಯಲ್ಲಿ ವೆಲ್ಡಿಂಗ್ ಮಾಡಿಸಿದೆ. ಮೂರು ಗಾಲಿ, ಮುಂದಿನದನ್ನು ಕಾಲಲ್ಲಿ ತಿರುಗಿಸುವುದು. ಟೈರ್ ಮಾತ್ರ ಸುಲಭವಾಗಿ ಸಿಕ್ಕಿತು, ಹೊರದೇಶದ ಬಗ್ಗಿಗಳಿಗೆ ಹಾಕುವ 4.00-8 ಅಳತೆ ನಮ್ಮ ಆಟೋ ರಿಕ್ಷಾದ್ದೇ ಅಳತೆ. ಸ್ವಲ್ಪ ಭಾರ, ಆದರೆ ಜಾಲಿ ಮುಳ್ಳಿಗೆ ಹೆದರುವುದಿಲ್ಲ.

ಜಾಗ, ತುಂಗಭದ್ರಾ ಡ್ಯಾಮಿನ ನೀರು ಇಳಿದ ಮೇಲೆ ಸಿಗುವ ಬಯಲು. ಗಾಳಿ ಒಂದೇ ಸಮ ಇದ್ದರೆ ಸ್ವರ್ಗ. ಸ್ವಲ್ಪ ಏರುಪೇರಾದರೆ ಪಟ ತಲೆ ಮೇಲೆ ಏರಿ, ಅಲ್ಲಿ ನಿಲ್ಲದೆ ನನ್ನ ಬೆನ್ನ ಕಡೆಗೆ ದಾಟಿಬಿಡುತ್ತದೆ. ದಾರ ಸಡಿಲ. ಪಟ ಒದ್ದೆ ಟವೆಲ್ ಹಾಗೆ ಮುದುಡಿ ಕೆಳಗಿಳಿಯುತ್ತಾ, ನನ್ನ ಎದುರಿಗೆ ನಟ್ಟನಡುವೆ ಬಂದಾಗ ಟಪ್ ಅಂತ ಬಿಚ್ಚಿಕೊಳ್ಳುತ್ತದೆ. ಮೊನ್ನೆ ಆ ಜಗ್ಗಿಗೆ ನಾನು ಸೀಟಿನಿಂದ ಎದ್ದು ಮುಂದಕ್ಕೆ ಬಿದ್ದೆ, ಹತ್ತು ಮಾರು ಹೊಟ್ಟೆ ಮೇಲೆ ಹೋದೆ, ಹಿಂದಿನಿಂದ ನನ್ನದೇ ಬಗ್ಗಿ ಬಂದು ನನ್ನ ಕಾಲಿಗೆ ಗುದ್ದಿತು. ಇದಲ್ಲದೆ ಪಟ ಯಾವಾಗಲೂ ಎಡಕ್ಕೇ ಎಳೆಯುತ್ತದೆ, ಬಲಗೈ ಸದಾ ಬಿಗಿ ಹಿಡಿದು ಭುಜ ನೋವು.

ಪಟ ಚಿಕ್ಕದಾಯಿತಾ, ದೊಡ್ಡದಾಯಿತಾ? ಅಥವಾ ನನಗೇ ಬರುವುದಿಲ್ಲವಾ? ಅಲುಗಾಡದೆ ನಿಲ್ಲುವ ಪಟ ಯಾವುದು ಹೇಳಿ. ಇನ್ನೊಂದು ಸಲ ರಕ್ತ ಸುರಿಸಿಕೊಂಡು ಬಂದರೆ ಪಟವನ್ನು ಬಚ್ಚಲ ಒಲೆಗೆ ಹಾಕುತ್ತೇನೆ ಅಂತ ಮನೆಯವರು ಹೇಳಿದ್ದಾರೆ, ಹಾಕಿಯೂ ಹಾಕುತ್ತಾರೆ.

ಸಿಂಧನೂರು_ಸುಳಿಗಾಳಿ

ಮೊದಲು ಆ ಪಟ ಮಡಚಿ ಅಟ್ಟದ ಮೇಲಿಡಿ. ಮಾರಬೇಡಿ, ಎರಡು ವರ್ಷ ಬಿಟ್ಟು ಬೇಕಾಗುತ್ತದೆ.

ನಾನು ಕೆಲಸದ ಮೇಲೆ ಕೆಲವು ವರ್ಷ ಲಾಸ್ ವೇಗಸ್‌ನಲ್ಲಿದ್ದೆ. ಅಲ್ಲಿಂದ ಸುಮಾರು ಮುಕ್ಕಾಲು ಗಂಟೆ ದಾರಿಯಲ್ಲಿ, ಕ್ಯಾಲಿಫೋರ್ನಿಯಾ ಗಡಿಗೆ ಇವಾನ್‌ಪಾ ಅನ್ನುವ ಒಣ ಕೆರೆ ಇದೆ. ಸಾರಿಸಿದ ಅಂಗಳದ ಹಾಗೆ ಗಟ್ಟಿ ನೆಲ, ಕಣ್ಣು ಹಾಯುವಷ್ಟು ದೂರ ಒಂದು ಗಿಡ ಇಲ್ಲ. ಬಗ್ಗಿಗಳು ಗಂಟೆಗೆ 100 ಕಿಮೀ ದಾಟಿ ಓಡಿದ ಜಾಗ ಅದು. ಅಲ್ಲಿಯ ಹಳಬರು ಹೊಸಬರ ಕೈಗೆ ಇಂಥ ಪಟ ಕೊಡುತ್ತಲೇ ಇರಲಿಲ್ಲ. ನನಗೂ ಕೊಡಲಿಲ್ಲ, ಆಗ ಸಿಟ್ಟು ಬಂದಿತ್ತು.

ನಿಮ್ಮ ಪಟದ ತೊಂದರೆ ಅದರ ಆಕಾರದಲ್ಲೇ ಇದೆ. ಹಗ್ಗದ ಮೇಲೆ ಹರವಿದ ಸೀರೆ ಮತ್ತು ಟವೆಲ್ ನೆನಪಿಸಿಕೊಳ್ಳಿ. ಒಂದೇ ಬಟ್ಟೆಯನ್ನು ಸೀರೆಯ ಹಾಗೆ ಉದ್ದಕ್ಕೆ, ತೆಳ್ಳಗೆ ಮಾಡಿದರೆ ವೇಗ ಜಾಸ್ತಿ, ಗಾಳಿಗೆ ಎದುರಾಗಿ ಹತ್ತುವ ಶಕ್ತಿ ಜಾಸ್ತಿ, ಆದರೆ ತುದಿಗಳು ಬೇಗ ಮುದುಡುತ್ತವೆ. ಟವೆಲ್ ಹಾಗೆ ಗಿಡ್ಡ, ಅಗಲ ಮಾಡಿದರೆ ನಿಧಾನ, ಆದರೆ ತಾಳ್ಮೆ ಇದೆ. ಉದ್ದವನ್ನು ಉದ್ದದಿಂದ ಗುಣಿಸಿ ಪಟದ ಚದರ ಮೀಟರಿನಿಂದ ಭಾಗಿಸಿ ನೋಡಿ. ಕಲಿಯುವವರ ಪಟ ಮೂರರ ಆಸುಪಾಸು ಬರುತ್ತದೆ. ರೇಸಿನವು ಐದು, ಆರಕ್ಕೆ ಹೋಗುತ್ತವೆ. ನಿಮ್ಮದು ಖಂಡಿತ ಐದರ ಮೇಲಿರುತ್ತದೆ.

ಇನ್ನು ತಲೆ ದಾಟುವ ವಿಷಯ. ಗಾಳಿ ಜೋರಾಗಿ ಬಂದಾಗ ಪಟ ವೇಗ ಹಿಡಿದು ಮೇಲೆ ಓಡುತ್ತದೆ, ಅದೇ ಕ್ಷಣಕ್ಕೆ ಗಾಳಿ ತಗ್ಗುತ್ತದೆ, ಆದರೆ ಪಟದ ಓಟ ತಗ್ಗಿರುವುದಿಲ್ಲ. ಹಾಗಾಗಿ ನಿಲ್ಲಬೇಕಾದ ಜಾಗ ದಾಟಿಹೋಗುತ್ತದೆ. ತೆಳ್ಳನೆಯ ಪಟ ಜಾಸ್ತಿ ದಾಟುತ್ತದೆ. ನೀವು ಅದನ್ನು ಹಿಡಿಯಬೇಕಾದ್ದು ಬ್ರೇಕಿನಿಂದ, ಅಂದರೆ ನಾಲ್ಕರಲ್ಲಿ ಪಟದ ಹಿಂದಿನ ಅಂಚಿಗೆ ಹೋಗುವ ಎರಡು ದಾರದಿಂದ. ಹಿಡಿಕೆಯ ಕೆಳತುದಿಯನ್ನು ನಿಮ್ಮ ಕಡೆ ಚೂರೇ ಚೂರು ವಾಲಿಸಿ, ಪಟದ ಹಿಂದಿನ ಅಂಚು ಬಾಗಿ ವೇಗ ಕಡಿಮೆಯಾಗುತ್ತದೆ. ಮುದುಡಿಯೇ ಬಿಟ್ಟಿತು ಅಂದರೆ ಎರಡೂ ಕೈ ಎದೆಗೆ ಎಳೆದುಕೊಂಡು ದಾರ ಬಿಗಿ ಮಾಡಿ, ಜೊತೆಗೆ ಬ್ರೇಕ್ ಹಿಡಿದಿರಿ, ಆಗ ಬಿಚ್ಚಿಕೊಂಡರೂ ಅಷ್ಟು ಜಗ್ಗುವುದಿಲ್ಲ. ಮತ್ತೆ, ಬಗ್ಗಿಯಲ್ಲಿ ಕೂತಾಗ ಪಟವನ್ನು ತಲೆ ಮೇಲೆ ಜಾಸ್ತಿ ಹೊತ್ತು ನಿಲ್ಲಿಸಲೇ ಬೇಡಿ. ಗಡಿಯಾರದಲ್ಲಿ ಹತ್ತೂವರೆ ಅಥವಾ ಒಂದೂವರೆ ಇರುವ ಕಡೆ ಇಡಿ. ಎಲ್ಲರೂ ತಲೆ ಮೇಲೆ ಸುರಕ್ಷಿತ ಅಂದುಕೊಳ್ಳುತ್ತಾರೆ, ಏರುಪೇರಿನ ಗಾಳಿಯಲ್ಲಿ ಕೆಡುವುದೇ ಅಲ್ಲಿ.

ಸ್ಥಿರ ಪಟ ಅನ್ನುವುದಕ್ಕೆ ನನ್ನ ಲೆಕ್ಕ ಬೇರೆ. ನೋಡದೇ ಇದ್ದರೂ ಇದ್ದಲ್ಲೇ ಇರುವುದು ಸ್ಥಿರ ಪಟ. ಬಗ್ಗಿಯಲ್ಲಿ ನಿಮ್ಮ ಕಣ್ಣು ನೆಲದ ಮೇಲೆ ಇರಬೇಕು, ಕಲ್ಲು, ಗುಂಡಿ, ಕುರಿ ಎಲ್ಲ ಇರುವುದು ಕೆಳಗೆ. ಪಟವನ್ನೇ ನೋಡುತ್ತಾ ಓಡಿಸಬೇಕಾದರೆ ಅದು ಬಗ್ಗಿಯ ಪಟ ಅಲ್ಲ. ನಿಂತುಕೊಂಡು ಪರೀಕ್ಷೆ ಮಾಡಿ. ಪಟವನ್ನು ಒಂದು ಕಡೆ ನಿಲ್ಲಿಸಿ ಹತ್ತು ಎಣಿಸುವವರೆಗೆ ನಿಮ್ಮ ಚಪ್ಪಲಿ ನೋಡಿ. ಪಟ ಅಲ್ಲೇ ಇದ್ದರೆ ಸರಿ.

ನಾಲ್ಕು ದಾರದ, ಗಿಡ್ಡ ಜಾತಿಯ ಪಟಗಳು ಬೇಕಾದಷ್ಟಿವೆ. ಬೀಮರ್, ಬಸ್ಟರ್ ಇಂಥವು ಹಳೆಯವು ಸಿಕ್ಕರೂ ಪರವಾಗಿಲ್ಲ. ನಿಮ್ಮ ತೂಕಕ್ಕೆ ಮೊದಲು 3 ಚದರ ಮೀಟರಿನದು, ನೆಲದ ಮೇಲೆ ನಿಂತು. ಬಗ್ಗಿಗೆ 15ರಿಂದ 20 ಕಿಮೀ ಗಾಳಿಯಲ್ಲಿ 4 ಸಾಕು. ಇಷ್ಟು ಚಿಕ್ಕದಾ ಅನ್ನಬೇಡಿ. ಗಾಳಿ 15 ಇದ್ದದ್ದು 30 ಆದರೆ ಎಳೆತ ಎರಡು ಪಟ್ಟು ಆಗುವುದಿಲ್ಲ, ನಾಲ್ಕು ಪಟ್ಟು ಆಗುತ್ತದೆ.

ಎಡಕ್ಕೆ ಎಳೆಯುವುದು ದಾರದ ಅಳತೆಯ ಕತೆ. ನಾಲ್ಕೂ ದಾರ ಒಂದು ಗೂಟಕ್ಕೆ ಸಿಕ್ಕಿಸಿ ಆ ಕಡೆಯಿಂದ ಒಂದೇ ಸಮ ಎಳೆದು ತುದಿ ಹೋಲಿಸಿ ನೋಡಿ. ಗೂಟ ಅಂದೆ, ಕರೆಂಟ್ ಕಂಬ ಅನ್ನಲಿಲ್ಲ.

ಪ್ಯಾಂಟ್_ಬಳ್ಳಾರಿ

ಸಿಂಧನೂರಿನವರು ಹೇಳಿದ್ದು ಸರಿ, ಆದರೆ ಆ ಪಟ ತರಿಸುವ ದುಡ್ಡಿಗೆ ನಮ್ಮಲ್ಲಿ ಒಂದು ಹೊಲಿಗೆ ಮೆಷಿನ್ ಬರುತ್ತದೆ. ನಾನು ಹೊಲಿದೇ ಮಾಡಿಕೊಂಡೆ.

ನಮ್ಮದು ಬಳ್ಳಾರಿಯಲ್ಲಿ ಜೀನ್ಸ್ ಹೊಲಿಯುವ ಚಿಕ್ಕ ಘಟಕ. ಕೆಲಸ ಇಲ್ಲದ ಒಂದು ಭಾನುವಾರ ನಾಸಾ ಪ್ಯಾರಾವಿಂಗ್ ಅನ್ನುವ ಪಟದ ನಕ್ಷೆ ಸಿಕ್ಕಿತು. ಬಗ್ಗಿಯವರು ಎನ್‌ಪಿಡಬ್ಲ್ಯೂ ಅನ್ನುತ್ತಾರೆ. ನಕ್ಷೆ ಪುಕ್ಕಟೆ. ಇದರ ಹಿಂದಿನ ಕತೆಯೂ ಚೆನ್ನಾಗಿದೆ. ಅಮೆರಿಕದ ಫ್ರಾನ್ಸಿಸ್ ರೊಗಾಲೊ ಮತ್ತು ಅವರ ಹೆಂಡತಿ ಗರ್ಟ್ರೂಡ್ 1948ರಲ್ಲಿ ಮಡಚುವ ರೆಕ್ಕೆ ಮಾಡಿದ್ದು ಅಡುಗೆಮನೆಯ ಪರದೆ ಬಟ್ಟೆಯಿಂದ. ಆಮೇಲೆ ನಾಸಾದವರು ಜೆಮಿನಿ ಗಗನನೌಕೆಯನ್ನು ಅದರಲ್ಲಿ ಇಳಿಸಬಹುದಾ ಅಂತ ಪರೀಕ್ಷೆ ಮಾಡಿ ಕೈಬಿಟ್ಟರು. ಅಲ್ಲಿಂದ ಬಂದ ವಂಶ ಇದು.

ಬೇರೆ ಪಟಗಳಲ್ಲಿ ಎರಡು ಪದರದ ನಡುವೆ ಗಾಳಿ ತುಂಬುವ ಕೋಣೆಗಳಿರುತ್ತವೆ, ಇದಕ್ಕೆ ಅವೇ ಇಲ್ಲ, ಬಟ್ಟೆ ಒಂದೇ ಪದರ. ಗಾಳಿ ತಗ್ಗಿದರೆ ಜೋಲುತ್ತದೆ, ಬಂದರೆ ಸುಮ್ನೆ ಮತ್ತೆ ಬಿಚ್ಚಿಕೊಳ್ಳುತ್ತದೆ. ಆ ಟಪ್ ಅನ್ನುವ ಹೊಡೆತ ಇಲ್ಲ. ಬಳ್ಳಾರಿ ಸುತ್ತ ಗುಡ್ಡ ದಾಟಿ ಬರುವ ಹಾಳು ಗಾಳಿಗೆ ಇದಕ್ಕಿಂತ ಒಳ್ಳೆಯದು ನನಗೆ ಕಂಡಿಲ್ಲ.

ಬಟ್ಟೆಯ ವಿಷಯದಲ್ಲಿ ಮೋಸ ಹೋಗಬೇಡಿ. ಅಂಗಡಿಯಲ್ಲಿ ಪ್ಯಾರಾಶೂಟ್ ಬಟ್ಟೆ ಅಂತ ಕೊಡುತ್ತಾರೆ, ಅರ್ಧಕ್ಕರ್ಧ ಗಾಳಿ ಸೋರುತ್ತದೆ. ಬಟ್ಟೆಯನ್ನು ಬಾಯಿಗೆ ಒತ್ತಿ ಊದಿ. ಉಸಿರು ಆಚೆ ಬಂದರೆ ಬೇಡ. ನೈಲಾನ್ ರಿಪ್‌ಸ್ಟಾಪ್, ಒಂದೂವರೆ ಮೀಟರ್ ಪನ್ನಾದ್ದು ಆರು ಮೀಟರ್ ತಂದರೆ 5 ಚದರ ಮೀಟರಿನ ಪಟಕ್ಕೆ ಸಾಕು. ಹೊಲಿಗೆ ಕಮ್ಮಿ, ಆದರೆ ಪಟದ ಕೆಳಗೆ ಕಟ್ಟುವ ದಾರಗಳು ಕಣ್ಣಿಗೆ ಕತ್ತಲೆ ತರಿಸುತ್ತವೆ. ಒಂದೊಂದು ದಾರಕ್ಕೂ ಒಂದೊಂದು ಅಳತೆ, ಗಂಟು ಹಾಕುವಾಗ ಎಷ್ಟು ನುಂಗುತ್ತದೆ ಅನ್ನುವುದೂ ಲೆಕ್ಕಕ್ಕೆ ಬರಬೇಕು. ನಮ್ಮ ಕಟಿಂಗ್ ಮಾಸ್ಟರ್ ಪ್ಯಾಂಟಿಗೆ ಅರ್ಧ ಇಂಚು ಆಚೀಚೆ ನಡೆಯುತ್ತದೆ ಅನ್ನುವವರು. ಮೊದಲ ಪಟ ಅದೇ ನಂಬಿಕೆಯಲ್ಲಿ ಮಾಡಿದರು. ಅದು ಹಾರಲಿಲ್ಲ, ಗರಗರ ಸುತ್ತಿತು.

ಸಿಂಧನೂರು_ಸುಳಿಗಾಳಿ

ಎನ್‌ಪಿಡಬ್ಲ್ಯೂ ಒಳ್ಳೆಯ ಪಟ, ನಾನು ಹಾರಿಸಿದ್ದೇನೆ. ಆದರೆ ಪ್ಯಾಂಟಣ್ಣ ಒಂದು ಮಾತು ಹೇಳದೆ ಬಿಟ್ಟರು. ಅದು ಗಾಳಿಗೆ ಎದುರಾಗಿ ಅಷ್ಟಾಗಿ ಹತ್ತುವುದಿಲ್ಲ. ಒಳ್ಳೆಯ ಪಟದಲ್ಲಿ ನೀವು ಗಾಳಿಗೆ ಅಡ್ಡವಾಗಿ ಹೋಗಿ, ಸ್ವಲ್ಪ ಸ್ವಲ್ಪ ಎದುರು ಹತ್ತುತ್ತಾ, ಹೊರಟ ಜಾಗಕ್ಕೇ ವಾಪಸ್ ಬರಬಹುದು. ಇದರಲ್ಲಿ ಪ್ರತಿ ಸುತ್ತಿಗೂ ಚೂರು ಕೆಳಗೆ, ಅಂದರೆ ಗಾಳಿ ಹೋಗುವ ಕಡೆಗೆ, ಜಾರುತ್ತೀರಿ. ಮೂರು ಸುತ್ತು ಆದ ಮೇಲೆ ಬಗ್ಗಿ ಎಳೆದುಕೊಂಡು ನಡೆಯಬೇಕು. ಆಟೋ ಟೈರಿನ ಬಗ್ಗಿ ಬೇರೆ.

ಅದಕ್ಕೇ ನನ್ನ ಮಾತು: ಕೈಗೆ ಬ್ರೇಕ್ ಅಭ್ಯಾಸ ಆಗಲು ಎನ್‌ಪಿಡಬ್ಲ್ಯೂ ಸರಿ, ಬಗ್ಗಿಗೆ ಗಿಡ್ಡ ಜಾತಿಯ ಕೋಣೆ ಪಟ.

ಪ್ಯಾಂಟ್_ಬಳ್ಳಾರಿ

ನಡೆದರೆ ಆರೋಗ್ಯ ಸರ್. ಆಸ್ಪತ್ರೆಗೆ ಹೋಗುವುದಕ್ಕಿಂತ ವಾಸಿ ಅಲ್ವಾ?

ರಾಯಚೂರು_ಮಾಸ್ತರ

ನಾನು ಪಟ ಹಾರಿಸುವವನಲ್ಲ, ಮಗ ಹಾರಿಸುತ್ತಾನೆ, ನಾನು ದಾರ ಸುತ್ತುವವನು. ಇತಿಹಾಸ ಪಾಠ ಮಾಡುವುದರಿಂದ ಬಾಯಿ ಸುಮ್ಮನಿರುವುದಿಲ್ಲ, ಒಂದು ಕತೆ ಹೇಳುತ್ತೇನೆ.

ಇದು ಹೊಸ ಹುಚ್ಚು ಅಂತ ಯಾರಾದರೂ ನಕ್ಕರೆ ಹೇಳಿ, 1826ರಲ್ಲೇ ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ ಜಾರ್ಜ್ ಪೊಕಾಕ್ ಅನ್ನುವ ಶಾಲಾ ಮಾಸ್ತರ ಪಟ ಎಳೆಯುವ ಗಾಡಿಗೆ ಪೇಟೆಂಟ್ ಪಡೆದಿದ್ದ. ಆಗ ರಸ್ತೆ ಸುಂಕ ಕುದುರೆ ಎಣಿಸಿ ವಸೂಲಿ ಮಾಡುತ್ತಿದ್ದರು, ಇವನ ಗಾಡಿಗೆ ಕುದುರೆಯೇ ಇಲ್ಲ, ಸುಂಕದವರು ಬಾಯಿ ಬಿಟ್ಟು ನೋಡಿದರು ಅನ್ನುವ ಕತೆ ಇದೆ. ಅವನ ಮಗಳ ಮಗನೇ ಕ್ರಿಕೆಟ್ಟಿನ ಡಬ್ಲ್ಯೂ. ಜಿ. ಗ್ರೇಸ್. ಈಗ ನೀವು ಕೂರುವ ತರಹದ ಮೂರು ಗಾಲಿ ಬಗ್ಗಿಯನ್ನು 1990ರ ಸುಮಾರಿಗೆ ಜನರ ಕೈಗೆ ತಂದದ್ದು ನ್ಯೂಜಿಲೆಂಡಿನ ಪೀಟರ್ ಲಿನ್.

ನಮ್ಮಲ್ಲಿ ಕಾರ ಹುಣ್ಣಿಮೆಗೆ ಎತ್ತುಗಳಿಂದ ಭಾರದ ಕಲ್ಲು ಎಳೆಸುತ್ತಾರೆ, ನೋಡಿರುತ್ತೀರಿ. ಎಷ್ಟೇ ಬಲದ ಎತ್ತಾದರೂ ಮೂಗುದಾರ ಇಲ್ಲದೆ ಯಾರೂ ಕಣಕ್ಕೆ ಬಿಡುವುದಿಲ್ಲ. ಬ್ರೇಕ್ ದಾರವೇ ನಿಮ್ಮ ಪಟದ ಮೂಗುದಾರ ಅಂತ ಮೇಲಿನವರು ಹೇಳಿದ್ದನ್ನು ಓದಿ ನನಗೆ ಅರ್ಥವಾಯಿತು.

ಎರಡು ಎಚ್ಚರಿಕೆ. ಮಾಂಜಾ ಹಿಡಿದ ಹುಡುಗರು ಇರುವ ಕಡೆ ಹೋಗಬೇಡಿ. ನಿಮ್ಮ ದಾರ ಡೈನೀಮಾ ಅನ್ನುವ ಪ್ಲಾಸ್ಟಿಕ್ ನೂಲು, ಉಕ್ಕಿನಷ್ಟು ಗಟ್ಟಿ ಅಂತಾರೆ, ಆದರೆ ಸುಮಾರು 150 ಡಿಗ್ರಿ ಶಾಖಕ್ಕೆ ಕರಗುವ ವಸ್ತು ಅದು, ಇನ್ನೊಂದು ದಾರ ಉಜ್ಜಿದರೆ ಕಡಿಯುತ್ತದೆ. ಬಿಗಿ ಇರುವಾಗ ಯಾರ ಕೈಗೆ ತಾಗಿದರೂ ಕೈ ಕೊಯ್ಯುತ್ತದೆ, ದಾರ ಹಿಡಿದು ಪಟ ನಿಲ್ಲಿಸಲು ಹೋಗಲೇಬೇಡಿ. ಇನ್ನೊಂದು, ತೋರಣಗಲ್ಲು ಕಡೆ ವಿಮಾನ ನಿಲ್ದಾಣ ಇದೆ, ಆ ಸುತ್ತ ಬೇಡ. 1934ರ ವಿಮಾನ ಕಾಯ್ದೆ ಬರೆದವರು ವಿಮಾನ ಅನ್ನುವ ಪದದ ಒಳಗೇ ಗಾಳಿಪಟವನ್ನೂ ಸೇರಿಸಿದ್ದರು. ತಮಾಷೆ ಅಲ್ಲ, ಹೋಗಿ ಓದಿ.

ಹುಲಿಗಿ_ಗಾಳಿ

ಎಲ್ಲರಿಗೂ ಧನ್ಯವಾದ. ದಾರ ಅಳೆದೆ. ಬೇವಿನ ಮರಕ್ಕೆ ಗೂಟ ಹೊಡೆದು ಎಳೆದು ನೋಡಿದರೆ ಎಡಗಡೆಯ ಮುಖ್ಯ ದಾರ ನಾಲ್ಕು ಬೆರಳು ಗಿಡ್ಡ! ತುದಿಯಲ್ಲಿ ಯಾರೋ ಕಡಿದು ಮತ್ತೆ ಗಂಟು ಹಾಕಿದ್ದಾರೆ. ಕೊಟ್ಟವರು ಒಂದು ಮಾತೂ ಹೇಳಲಿಲ್ಲ. ಒಂದು ವರ್ಷ ನನ್ನ ಬಲಭುಜ ಆ ನಾಲ್ಕು ಬೆರಳಿಗೆ ದುಡಿದಿದೆ.

ಇನ್ನೊಂದು ಪ್ರಶ್ನೆ. ನಮ್ಮಲ್ಲಿ ಆಷಾಢದ ಗಾಳಿಯೇ ನಿಜವಾದ ಗಾಳಿ. ಆದರೆ ಆ ಹೊತ್ತಿಗೆ ಡ್ಯಾಮ್ ತುಂಬಿ ಬಯಲೇ ಇರುವುದಿಲ್ಲ. ಬಯಲು ಇರುವ ಏಪ್ರಿಲ್‌ನಲ್ಲಿ ಬರೀ ಬಿಸಿಲು, ಸುಂಟರಗಾಳಿ. 2024ರ ಆಗಸ್ಟ್‌ನಲ್ಲಿ 19ನೇ ಗೇಟ್ ಕೊಚ್ಚಿಹೋದಾಗ ಗಾಳಿ ಇರುವ ತಿಂಗಳಲ್ಲೇ ನೀರು ಇಳಿಯಿತು, ಆದರೆ ಆಗ ಪಟ ಯಾರಿಗೆ ಬೇಕಿತ್ತು, ಭತ್ತಕ್ಕೆ ನೀರು ಸಿಗುತ್ತದಾ ಅಂತ ಊರೆಲ್ಲ ಡ್ಯಾಮಿನ ಕಡೆ ಮುಖ ಮಾಡಿ ನಿಂತಿತ್ತು. ಯಾವಾಗ ಹಾರಿಸಲಿ?

ಸಿಂಧನೂರು_ಸುಳಿಗಾಳಿ

ನಾಲ್ಕು ಬೆರಳಾ! ಅದರಲ್ಲಿ ನೀವು ನೇರ ಹೋಗಿದ್ದೇ ಹೆಚ್ಚು. ಗಿಡ್ಡ ದಾರಕ್ಕೆ ತೇಪೆ ಹಾಕಬೇಡಿ, ಉಳಿದದ್ದನ್ನು ಕಡಿದು ಸಮ ಮಾಡಿ. 25 ಮೀಟರಿನಲ್ಲಿ ಅಷ್ಟು ಹೋದರೆ ಏನೂ ಆಗುವುದಿಲ್ಲ. ಬ್ರೇಕ್ ದಾರವನ್ನೂ ಆಗಲೇ ಹೊಂದಿಸಿ. ಪಟ ಮೇಲಿದ್ದು ಕೈ ಸಡಿಲ ಇರುವಾಗ ಬ್ರೇಕ್ ದಾರ ಸಣ್ಣಗೆ ಜೋತಿರಬೇಕು. ತೀರಾ ಬಿಗಿ ಇದ್ದರೆ ಪಟ ಏರದೆ ಹಿಂದಕ್ಕೆ ಬೀಳುತ್ತದೆ, ತೀರಾ ಸಡಿಲ ಇದ್ದರೆ ಹಿಡಿಯುವ ಹೊತ್ತಿಗೆ ತಲೆ ದಾಟಿರುತ್ತದೆ. ಒಂದೊಂದೇ ಗಂಟು ಬದಲಿಸಿ ನೋಡಿ.

ಸಮಯ ಅಂದರೆ ಮೇ ಕೊನೆಯಿಂದ ಜೂನ್. ಪಡುವಣ ಗಾಳಿ ಕೂತಿರುತ್ತದೆ, ಮಲೆನಾಡಿನ ನೀರು ಇನ್ನೂ ಬಂದಿರುವುದಿಲ್ಲ. ನೀವು ಉತ್ತರದ ದಡದಲ್ಲಿದ್ದೀರಿ, ಅದು ಅದೃಷ್ಟ. ನೈಋತ್ಯದ ಗಾಳಿ ಉಳಿದ ನೀರಿನ ಮೇಲೆ ಹಾಯ್ದು ಬರುತ್ತದೆ, ನೀರಿನ ಮೇಲೆ ಗಾಳಿಗೆ ಅಡ್ಡಿ ಇಲ್ಲ, ನಯವಾಗಿರುತ್ತದೆ. ಪಟ ಎಳೆದರೂ ನಿಮ್ಮನ್ನು ದಡಕ್ಕೆ ಎಳೆಯುತ್ತದೆ, ನೀರಿಗಲ್ಲ. ಗುಡ್ಡದ ಮರೆಯಲ್ಲಿ ಮಾತ್ರ ನಿಲ್ಲಬೇಡಿ, ಗುಡ್ಡದ ಎತ್ತರದ ಏಳೆಂಟು ಪಟ್ಟು ದೂರದವರೆಗೆ ಗಾಳಿ ಕಲಕಿರುತ್ತದೆ. ಏಪ್ರಿಲ್ ಮಧ್ಯಾಹ್ನ ಬೇಡವೇ ಬೇಡ. ಸುಂಟರಗಾಳಿ ಬರುವುದು ಕಂಡರೆ ಪಟ ಇಳಿಸಿ ಮೇಲೆ ಮಣ್ಣುಹೆಂಟೆ ಇಡಿ. ಡ್ಯಾಮಿನ ಗೋಡೆ ಕಡೆಗೂ ಹೋಗಬೇಡಿ, ಪೊಲೀಸರು ಕೇಳುತ್ತಾರೆ.

ಕಪ್ಪು ನೆಲ ಬೇಸಿಗೆಯಲ್ಲಿ ಬಿರಿದಿರುತ್ತದೆ, ಬಿರುಕಿಗೆ ಮುಂದಿನ ಗಾಲಿ ಸಿಕ್ಕರೆ ಬಗ್ಗಿ ನಿಲ್ಲುತ್ತದೆ, ನೀವು ನಿಲ್ಲುವುದಿಲ್ಲ. ಮೊದಲು ನಡೆದು ನೋಡಿ. ಮಣಿಕಟ್ಟಿಗೆ ಬ್ರೇಕ್ ದಾರದ ಪಟ್ಟಿ ಇದೆಯಾ? ಹಿಡಿಕೆ ಬಿಟ್ಟರೆ ಪಟ ಹಿಂದಿನ ಅಂಚಿನಿಂದ ಜೋತು ಬಾವುಟದ ಹಾಗೆ ಪಟಪಟ ಅಂದು ಬೀಳಬೇಕು. ಆ ಪಟ್ಟಿ ಇಲ್ಲದೆ ಹೋಗಬೇಡಿ. ಹೆಲ್ಮೆಟ್ ಬಗ್ಗೆ ಹೇಳಬೇಕಾಗಿಲ್ಲ ಅಲ್ವಾ.

ಹುಲಿಗಿ_ಗಾಳಿ

ಮೂರು ವಾರ ಆದ ಮೇಲೆ ಬರೆಯುತ್ತಿದ್ದೇನೆ. ಪ್ಯಾಂಟಣ್ಣ ತಮ್ಮ ಎರಡನೇ ಪಟವನ್ನು ಬಸ್ಸಿಗೆ ಹಾಕಿ ಕಳಿಸಿದ್ದರು, ದೊಡ್ಡ ಮನಸ್ಸು. ಎರಡು ದಿನ ನಿಂತು ಹಾರಿಸಿದೆ, ಮೂರನೇ ದಿನ ಬಗ್ಗಿಗೆ ಕೂತೆ. ಗಾಳಿ 18ರ ಆಸುಪಾಸು. ಚಪ್ಪಲಿ ಪರೀಕ್ಷೆ ಮಾಡಿದೆ, ಹತ್ತು ಎಣಿಸಿ ತಲೆ ಎತ್ತಿದರೆ ಪಟ ಇದ್ದಲ್ಲೇ ಇತ್ತು, ನನಗೇ ನಂಬಿಕೆ ಆಗದೆ ಮತ್ತೆ ಇಪ್ಪತ್ತು ಎಣಿಸಿದೆ. ಆ ಬಯಲಿನಲ್ಲಿ ಮೊದಲ ಸಲ ನಾನು ನೆಲ ನೋಡಿದೆ. ಒಂದು ಕಡೆ ಇಷ್ಟು ಕಪ್ಪೆಚಿಪ್ಪು ಬಿದ್ದಿದೆ ಅಂತ ಗೊತ್ತೇ ಇರಲಿಲ್ಲ.

ಕೆಳಗೆ ಜಾರುವುದೂ ನಿಜ. ಐದು ಸುತ್ತಿಗೆ ಅರ್ಧ ಕಿಲೋಮೀಟರ್ ಆಚೆ ಇದ್ದೆ. ಬಗ್ಗಿಯನ್ನು ಹಗ್ಗ ಕಟ್ಟಿ ಎಳೆದುಕೊಂಡು ಬರುವಾಗ ಕುರಿ ಕಾಯುವ ಅಜ್ಜ ಕೇಳಿದರು, ಇದು ನಿನ್ನನ್ನು ಎಳೆಯುತ್ತದೋ, ನೀನು ಇದನ್ನು ಎಳೆಯುತ್ತೀಯೋ ಅಂತ. 4 ಚದರ ಮೀಟರಿನ ಗಿಡ್ಡ ಪಟ ಹುಡುಕುತ್ತಿದ್ದೇನೆ, ಯಾರ ಹತ್ತಿರ ಇದ್ದರೂ ಹೇಳಿ, ದಾರ ಅಳೆದೇ ತಗೊಳ್ಳುತ್ತೇನೆ.

ಪ್ಯಾಂಟಣ್ಣ, ಬಲತುದಿ ಸ್ವಲ್ಪ ಪಟಪಟ ಅನ್ನುತ್ತದೆ, ಯಾಕೆ?

ಪ್ಯಾಂಟ್_ಬಳ್ಳಾರಿ

ಬಲತುದಿಯಿಂದ ಎರಡನೇ ದಾರದ ಗಂಟು ನೋಡಿ. ಅದನ್ನು ಕಟ್ಟುವಾಗ ಕರೆಂಟ್ ಹೋಗಿತ್ತು.